ಐದನೆಯ ಕೀಲಿ

"ಗುರುಗಳೇ, ಒಂದು ಕೀಲಿಗೆ ಎಷ್ಟು ಆಜ್ಞೆಗಳನ್ನು ಕಟ್ಟಬಹುದು?"

ಕೇಳಿದವಳು ಮಂದಾಕಿನಿ. ಒಂದು ವಿಮಾ ಕಚೇರಿಯ ಮೇನ್‌ಫ್ರೇಮ್ ವಿಭಾಗಕ್ಕೆ ಅವಳು ಸೇರಿ ಇಪ್ಪತ್ತೆರಡು ದಿನವಾಗಿತ್ತು. ಅವಳಿಗೆ ಕೆಲಸ ಕಲಿಸುತ್ತಿದ್ದವರು ಸುಬ್ಬಕೃಷ್ಣಯ್ಯನವರು. ನಿವೃತ್ತರಾದ ಮೇಲೂ ಕಚೇರಿ ಅವರನ್ನು ವಾರಕ್ಕೆ ಮೂರು ದಿನ ಕರೆಸಿಕೊಳ್ಳುತ್ತಿತ್ತು. ಆ ದೊಡ್ಡ ಯಂತ್ರದ ಮನಸ್ಸು ತಿಳಿದವರು ಬೇರೆ ಯಾರೂ ಅಲ್ಲಿ ಉಳಿದಿರಲಿಲ್ಲ. ಮೊದಮೊದಲು ಹುಡುಗರು ಅವರನ್ನು ತಮಾಷೆಗೆ ಗುರುಗಳು ಎನ್ನುತ್ತಿದ್ದರು. ಬರಬರುತ್ತ ತಮಾಷೆ ಹೋಯಿತು, ಹೆಸರು ಉಳಿಯಿತು.

ಕೀಲಿಮಣೆಯ ಮೇಲಿನ ಸಾಲಿನಲ್ಲಿ ಹನ್ನೆರಡು ಕೀಲಿಗಳಿವೆ. ಆ ಯಂತ್ರದ ಪರದೆಯಲ್ಲಿ ಮೂರನೆಯದನ್ನು ಒತ್ತಿದರೆ ಹೊರಗೆ ಬರಬಹುದು, ಏಳನೆಯದನ್ನು ಒತ್ತಿದರೆ ಒಂದು ಪುಟ ಹಿಂದೆ, ಎಂಟನೆಯದನ್ನು ಒತ್ತಿದರೆ ಒಂದು ಪುಟ ಮುಂದೆ. ಉಳಿದ ಕೀಲಿಗಳಿಗೆ ಯಾವ ಕಮಾಂಡ್ ಬೇಕೋ ಅದನ್ನು ಕೆಲಸಗಾರರೇ ಕಟ್ಟಿಕೊಳ್ಳಬಹುದು. ಆಮೇಲೆ ಒಂದು ಸಾಲಿನುದ್ದ ಟೈಪು ಮಾಡಬೇಕಾದದ್ದು ಒಂದೇ ಒತ್ತಿಗೆ ಮುಗಿಯುತ್ತದೆ. ಮಂದಾಕಿನಿ ಮೂರು ವಾರದಲ್ಲಿ ಎಲ್ಲ ಕೀಲಿಗಳನ್ನೂ ಕಟ್ಟಿದ್ದಳು. ಯಾವುದು ಏನೆಂದು ಚೀಟಿ ಬರೆದು ಕೀಲಿಗಳ ಮೇಲ್ಗಡೆ ಅಂಟಿಸಿದ್ದಳು. ಈಗ ಅವಳಿಗೆ ಇನ್ನೊಂದು ಆಸೆ ಹುಟ್ಟಿತ್ತು. ಪಾಲಿಸಿಯನ್ನು ರದ್ದು ಮಾಡುವ ಕಮಾಂಡ್ ಕೊಟ್ಟಾಗಲೆಲ್ಲ ಯಂತ್ರ 'ಖಚಿತವೇ?' ಎಂದು ಕೇಳುತ್ತದೆ. ಕಮಾಂಡನ್ನೂ ಆ ಪ್ರಶ್ನೆಯ ಉತ್ತರವನ್ನೂ ಒಂದೇ ಕೀಲಿಗೆ ಸೇರಿಸಿ ಕಟ್ಟಿಬಿಟ್ಟರೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ ಎಂದು ಅವಳು ಹೇಳಿದಳು.

ಗುರುಗಳು ಚೀಟಿಯನ್ನು ಓದಿದರು. ಅಕ್ಷರ ದುಂಡಗಿದೆ ಎಂದರು. ಬೇರೇನನ್ನೂ ಹೊಗಳಲಿಲ್ಲ. ಅವಳ ಅಂಗೈಗೆ ಒಂದಿಷ್ಟು ಹುರಿಗಡಲೆ ಸುರಿದು ಹೇಳತೊಡಗಿದರು.

ಒಂದು ಊರಿನ ಟೆಲಿಫೋನ್ ಕಚೇರಿಯಲ್ಲಿ ಒಬ್ಬ ನೌಕರನಿದ್ದ. ಮನೆಗೊಂದು ಫೋನು ಬರಬೇಕಾದರೆ ಎಂಟು ವರ್ಷ, ಹತ್ತು ವರ್ಷ ಕಾಯುತ್ತಿದ್ದ ಕಾಲ ಅದು. ನಿನಗೆ ನಗು ಬರುತ್ತದೆ. ಆಗ ಯಾರೂ ನಗುತ್ತಿರಲಿಲ್ಲ. ಅರ್ಜಿ ಹಾಕಿದವರ ಹೆಸರುಗಳೆಲ್ಲ ಒಂದು ಪಟ್ಟಿಯಲ್ಲಿದ್ದವು. ಪಟ್ಟಿ ಒಂದು ದೊಡ್ಡ ಯಂತ್ರದ ಹೊಟ್ಟೆಯಲ್ಲಿತ್ತು. ಯಂತ್ರದ ಮುಂದೆ ಈ ನೌಕರ ಕುಳಿತಿರುತ್ತಿದ್ದ. ಹನ್ನೊಂದು ಸಾವಿರ ಹೆಸರು, ಅರ್ಜಿ ಕೊಟ್ಟ ತಾರೀಕಿನ ಪ್ರಕಾರ ಸಾಲು. ಮುಂದಿನವರಿಗೆ ಫೋನು ಸಿಕ್ಕ ಹಾಗೆ ಹಿಂದಿನವರು ಒಂದೊಂದೇ ಹೆಜ್ಜೆ ಮುಂದಕ್ಕೆ ಬರುತ್ತಿದ್ದರು.

ಆ ಸಾಲಿನಲ್ಲಿ ನೌಕರನೂ ಇದ್ದ. ಕಚೇರಿಯವನೆಂದು ಅವನಿಗೆ ರಿಯಾಯಿತಿಯೇನೂ ಇರಲಿಲ್ಲ. ಅರ್ಜಿ ಹಾಕಿ ಎಂಟು ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಜಬಲ್ಪುರಕ್ಕೆ ಕೊಟ್ಟಿದ್ದ. ಅಳಿಯನ ಕ್ವಾರ್ಟರ್ಸಿನಲ್ಲಿ ಫೋನಿತ್ತು, ಇವನ ಮನೆಯಲ್ಲಿರಲಿಲ್ಲ. ಮಗಳ ಧ್ವನಿ ಕೇಳಬೇಕೆಂಬುದು ಅವನ ಹೆಂಡತಿಯ ದೊಡ್ಡ ಆಸೆ. ಚೆನ್ನಾಗಿದ್ದೇನೆ ಎಂದು ಮಗಳು ಕಾಗದ ಬರೆಯುತ್ತಾಳೆ, ಕಾಗದದಲ್ಲಿ ಎಲ್ಲರೂ ಚೆನ್ನಾಗಿರುತ್ತಾರೆ, ಗಂಟಲು ಕೇಳಿದರೆ ಮಾತ್ರ ತಾಯಿಗೆ ಗೊತ್ತಾಗುತ್ತದೆ ಎಂದು ಆಕೆ ಹೇಳುತ್ತಿದ್ದಳು. ಫೋನು ಇಡುವ ಜಾಗವನ್ನು ಗೊತ್ತು ಮಾಡಿದ್ದಳು. ಅದರ ಮೇಲೆ ಹೊದಿಸಲು ನೀಲಿ ದಾರದ ಮುಸುಕನ್ನೂ ಹೆಣೆದು ಪೆಟ್ಟಿಗೆಯಲ್ಲಿಟ್ಟಿದ್ದಳು. ಪ್ರತಿ ತಿಂಗಳು ಒಂದನೆಯ ತಾರೀಕು ನೌಕರ ಯಂತ್ರದಲ್ಲಿ ತನ್ನ ಅರ್ಜಿಯ ಸಂಖ್ಯೆ ಹಾಕಿ, ತಾನು ಎಷ್ಟನೆಯವನೆಂದು ನೋಡಿ, ಮನೆಗೆ ಹೋಗಿ ಹೇಳುತ್ತಿದ್ದ. ಸಾವಿರದ ಒಳಗೆ ಬಂದ ದಿನ ಆಕೆ ಪಾಯಸ ಮಾಡಿದಳು. ಆ ವರ್ಷ ಇನ್ನೂರ ಆರಕ್ಕೆ ಬಂದಿತ್ತು. ಇನ್ನು ಹೆಚ್ಚೆಂದರೆ ಆರು ತಿಂಗಳು ಎಂದು ಗಂಡ ಹೆಂಡತಿ ಇಬ್ಬರೂ ಹಿಗ್ಗಿನಲ್ಲಿದ್ದರು.

ವರ್ಷಕ್ಕೊಂದು ಸಲ ಕಚೇರಿ ಪ್ರತಿಯೊಬ್ಬ ಅರ್ಜಿದಾರನಿಗೂ ಒಂದು ಜೋಡಿ ಕಾರ್ಡು ಕಳಿಸುತ್ತಿತ್ತು. ನಿಮಗೆ ಇನ್ನೂ ಫೋನು ಬೇಕಿದ್ದರೆ ಅರ್ಧ ಹರಿದು, ಸಹಿ ಹಾಕಿ, ಅಂಚೆಗೆ ಹಾಕಿ ಎಂದು ಅದರಲ್ಲಿರುತ್ತಿತ್ತು. ಅರವತ್ತು ದಿನದಲ್ಲಿ ಹಿಂದಕ್ಕೆ ಬಾರದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಇದು ಕ್ರೂರವೇನಲ್ಲ. ಊರು ಬಿಟ್ಟವರು, ಬೇಡವಾದವರು ಸಾಲಿನಲ್ಲಿ ನಿಂತೇ ಇದ್ದರೆ ಹಿಂದಿನವರು ಮುಂದೆ ಬರುವುದು ಹೇಗೆ? ನೌಕರನ ಮನೆಗೂ ಕಾರ್ಡು ಬಂತು. ಹೆಂಡತಿ ಅದನ್ನು ಪೆನ್ನಿನ ಸಮೇತ ತಂದು ಅವನ ಕೈಗೆ ಕೊಟ್ಟಳು.

ನೌಕರ ನಕ್ಕ. "ಇದನ್ನ ನೋಡೋನು ನಾನೇ ಕಣೇ. ನಾನೇ ಸಹಿ ಮಾಡಿ, ನಾನೇ ಪೋಸ್ಟಿಗೆ ಹಾಕಿ, ನಾಡಿದ್ದು ನಾನೇ ತಗೋಬೇಕೇನು?"

"ಊರೋರೆಲ್ಲ ಮಾಡ್ತಾರಲ್ಲ, ನೀವೂ ಮಾಡಿಬಿಡಿ," ಎಂದಳು ಆಕೆ.

ಹಿಂದಿನ ವರ್ಷಗಳಲ್ಲೆಲ್ಲ ಮಾಡಿದ್ದ, ಈ ಸಲ ಮಾಡಲಿಲ್ಲ. ಹೊಲಿಗೆ ಯಂತ್ರದ ಒಂದು ಕಾಲು ಗಿಡ್ಡವಾಗಿ ಅಲುಗಾಡುತ್ತಿತ್ತು. ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಅದರ ಅಡಿಗೆ ಕೊಟ್ಟ. ಇಂಥ ತಪ್ಪನ್ನು ಬೇರೆ ಯಾರೂ ಮಾಡುವುದಿಲ್ಲ, ಮಂದಾಕಿನಿ. ಅಂಗಡಿಯವರು, ಮೇಷ್ಟರು, ಬಸ್ಸು ಓಡಿಸುವವರು ಎಲ್ಲರೂ ಹೆದರಿಕೊಂಡು ಸಹಿ ಹಾಕುತ್ತಾರೆ. ಪಟ್ಟಿಯ ಮುಂದೆ ಕುಳಿತವನಿಗೆ ಮಾತ್ರ ತಾನು ಅದರ ಒಳಗೂ ಇದ್ದೇನೆಂಬುದು ಮರೆತುಹೋಗುತ್ತದೆ. ಅಂತೂ ಹೊಲಿಗೆ ಯಂತ್ರ ಅಲುಗಾಡುವುದು ನಿಂತಿತು.

ಈಗ ಅವನ ಕೆಲಸದ ಕ್ರಮವನ್ನು ಕೇಳು. ಅರವತ್ತು ದಿನ ಕಳೆದ ಮೇಲೆ, ಕಾರ್ಡು ಬಾರದ ಅರ್ಜಿಗಳ ಸಂಖ್ಯೆಗಳನ್ನು ಯಂತ್ರ ಪರದೆಯ ಮೇಲೆ ಇಡುತ್ತಿತ್ತು. ಬರಿಯ ಸಂಖ್ಯೆ, ಪುಟಕ್ಕೆ ಇಪ್ಪತ್ತು. ನೌಕರ ಒಂದೊಂದಕ್ಕೂ 'ತೆಗೆ' ಎಂಬ ಕಮಾಂಡನ್ನು ಬರೆಯಬೇಕು, ಮುಂದೆ ಅರ್ಜಿಯ ಸಂಖ್ಯೆ, ಬಡಾವಣೆಯ ಸಂಕೇತ, ಕಾರಣದ ಸಂಕೇತ. ಆಗ ಪರದೆ ಬದಲಾಗಿ ಆ ಅರ್ಜಿದಾರನ ಹೆಸರು, ಮನೆಯ ವಿಳಾಸ, ಅರ್ಜಿ ಕೊಟ್ಟ ದಿನ ಕಾಣುತ್ತಿದ್ದವು. ಕೊನೆಯ ಸಾಲಿನಲ್ಲಿ ಕಾರ್ಡಿನ ಗತಿ ಏನಾಯಿತೆಂದು ಇರುತ್ತಿತ್ತು. ಕೆಳಗೆ 'ತೆಗೆಯಲೇ?' ಎಂಬ ಪ್ರಶ್ನೆ. ಕೊನೆಯ ಸಾಲನ್ನು ಓದದೆ 'ಹೌದು' ಎನ್ನಬಾರದು ಎಂದು ನಿಯಮವಿತ್ತು. ವಿಳಾಸ ಸಿಗದೆ ಅಂಚೆಯವರೇ ಕಾರ್ಡು ಹಿಂದಿರುಗಿಸಿದ್ದರೆ, ಅಥವಾ ಕಾರ್ಡಿನ ಬದಲು ಕಾಗದ ಬಂದಿದ್ದರೆ, ಆ ಹೆಸರನ್ನು ತೆಗೆಯದೆ ಪಕ್ಕಕ್ಕಿಡಬೇಕು. ಹೀಗೆ ಒಂದು ಹೆಸರಿಗೆ ಎರಡು ನಿಮಿಷ ಹಿಡಿಯುತ್ತಿತ್ತು.

ನೌಕರ ಚುರುಕಿನವನು. ಅವನೂ ನಿನ್ನ ಹಾಗೆ ಕೀಲಿಗಳಿಗೆ ಕಮಾಂಡ್ ಕಟ್ಟುವುದರಲ್ಲಿ ಎತ್ತಿದ ಕೈ. ಚೀಟಿಯನ್ನೂ ಅಂಟಿಸಿದ್ದ, ಅಕ್ಷರ ನಿನ್ನಷ್ಟು ದುಂಡಗಿರಲಿಲ್ಲ. 'ತೆಗೆ' ಕಮಾಂಡನ್ನು ಅವನು ಐದನೆಯ ಕೀಲಿಗೆ ಕಟ್ಟಿದ. ಪರದೆಯಲ್ಲಿ ಯಾವ ಸಂಖ್ಯೆಯ ಮೇಲೆ ಮಿನುಗುವ ಗುರುತು ನಿಂತಿದೆಯೋ ಆ ಸಂಖ್ಯೆಯನ್ನು ಕೀಲಿಯೇ ಎತ್ತಿಕೊಳ್ಳುವಂತೆ ಮಾಡಿದ. ಎರಡು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಇಳಿಯಿತು. ಇದರಲ್ಲಿ ತಪ್ಪೇನೂ ಇಲ್ಲ, ನಾನಾದರೂ ಹಾಗೇ ಮಾಡುತ್ತಿದ್ದೆ.

ಆದರೆ ಆ ಕಮಾಂಡಿಗೆ ಒಂದು ಬಾಲವಿತ್ತು. ಸಾಲಿನ ಕೊನೆಗೆ 'ಕೇಳಬೇಡ' ಎಂಬ ಪದವನ್ನು ಸೇರಿಸಿದರೆ ಯಂತ್ರ ಹೆಸರನ್ನೂ ತೋರಿಸುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ, ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ. ಯಂತ್ರವನ್ನು ಕಟ್ಟಿದವರು ತಮ್ಮ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಪದ ಅದು. ನೌಕರ ಅದನ್ನು ಕೈಪಿಡಿಯ ಒಂದು ಮೂಲೆಯಲ್ಲಿ ಓದಿದ್ದ. ಒಂದು ಶನಿವಾರ ಬೆಳಗ್ಗೆ ಅದನ್ನೂ ಐದನೆಯ ಕೀಲಿಗೆ ಸೇರಿಸಿದ.

ಶನಿವಾರ ಅರ್ಧ ದಿನ ಕಚೇರಿ. ಆ ವರ್ಷ ತೆಗೆಯಬೇಕಾದ ಸಂಖ್ಯೆಗಳು ನಾನೂರ ಹನ್ನೆರಡು. ಒಂದು ವಾರದ ಕೆಲಸವೆಂದು ಎಲ್ಲರೂ ತಿಳಿದಿದ್ದರು. ನೌಕರ ಹನ್ನೊಂದಕ್ಕೆ ಕುಳಿತ. ಐದು ಒತ್ತಿದ, ಗುರುತು ಕೆಳಗಿಳಿಸಿದ, ಐದು ಒತ್ತಿದ, ಗುರುತು ಕೆಳಗಿಳಿಸಿದ. ಪುಟ ಮುಗಿದರೆ ಎಂಟು ಒತ್ತಿದ. ಪಕ್ಕದವರೊಡನೆ ಮಾತಾಡುತ್ತಲೇ ಒತ್ತಿದ. ಹನ್ನೆರಡೂ ಕಾಲಿಗೆ ಎದ್ದ. ಮೇಲಧಿಕಾರಿ ಬಂದು ಬೆನ್ನು ತಟ್ಟಲಿಲ್ಲ, ಅವರು ಹೆಂಗಸು, ಆದರೆ ಎಲ್ಲರ ಮುಂದೆ ಹೊಗಳಿದರು. ಮನೆಗೆ ಹೋಗಿ ಮಜ್ಜಿಗೆ ಹುಳಿಯಲ್ಲಿ ಎರಡು ಸಲ ಅನ್ನ ಕಲಸಿ ಉಂಡು ನಿದ್ದೆ ಮಾಡಿದ.

ಆರು ದಿನ ಕಳೆಯಿತು. ಒಂದನೆಯ ತಾರೀಕು ಬಂತು. ಎಂದಿನಂತೆ ತನ್ನ ಅರ್ಜಿಯ ಸಂಖ್ಯೆ ಹಾಕಿದ. ಇಂಥ ಅರ್ಜಿ ಪಟ್ಟಿಯಲ್ಲಿಲ್ಲ ಎಂದು ಯಂತ್ರ ಹೇಳಿತು. ಕೈತಪ್ಪಿರಬೇಕೆಂದು ಮತ್ತೆ ಹಾಕಿದ. ಇಲ್ಲ ಎಂದಿತು. ಮೂರನೆಯ ಸಲ ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಂಡು ಹಾಕಿದ. ಆಗ ಅವನಿಗೆ ಹೊಲಿಗೆ ಯಂತ್ರದ ಕಾಲು ನೆನಪಾಯಿತು.

ತೆಗೆದ ಹೆಸರುಗಳನ್ನೆಲ್ಲ ಯಂತ್ರ ಅಗಲವಾದ ಕಾಗದದ ಮೇಲೆ ಅಚ್ಚು ಹಾಕಿ ಇಟ್ಟಿತ್ತು. ಆ ಕಟ್ಟನ್ನು ಅವನು ಅದುವರೆಗೆ ಬಿಡಿಸಿಯೇ ಇರಲಿಲ್ಲ. ಬಿಡಿಸಿ ಬೆರಳಿಟ್ಟು ನೋಡಿಕೊಂಡು ಹೋದ. ಇನ್ನೂರ ಎಂಬತ್ತೇಳನೆಯ ಸಾಲಿನಲ್ಲಿ ಇತ್ತು, ರಾಮಶೇಷ ಎಚ್. ಎನ್. ನಾನು ಇಲ್ಲಿಯತನಕ ಅವನ ಹೆಸರು ಹೇಳಿರಲಿಲ್ಲ, ಬೇಕೂ ಆಗಿರಲಿಲ್ಲ. ಪಕ್ಕದಲ್ಲಿ ತೆಗೆದ ಸಮಯವೂ ಇತ್ತು, ಹನ್ನೊಂದು ಗಂಟೆ ಐವತ್ತೆರಡು ನಿಮಿಷ. ಆ ಹೊತ್ತಿಗೆ ತಾನು ಪಕ್ಕದವರಿಗೆ ಕ್ರಿಕೆಟ್ಟಿನ ವಿಷಯ ಹೇಳುತ್ತಿದ್ದೆನೆಂದು ಅವನಿಗೆ ಜ್ಞಾಪಕಕ್ಕೆ ಬಂತು. ತನ್ನ ಹೆಸರನ್ನು ತಾನೇ ತೆಗೆದುಹಾಕಿದಾಗ ಬೆರಳಿಗೆ ಏನೂ ಅನಿಸಿರಲಿಲ್ಲ.

ಆ ಸಂಜೆ ಹೆಂಡತಿ ಎಷ್ಟಕ್ಕೆ ಬಂತೆಂದು ಕೇಳಿದಳು. ಯಂತ್ರ ರಿಪೇರಿಯಲ್ಲಿದೆ ಎಂದು ಸುಳ್ಳು ಹೇಳಿದ.

ಉಪಾಯ ಇರಲಿಲ್ಲವೆಂದಲ್ಲ. ತೆಗೆದ ಹೆಸರುಗಳನ್ನು ಒಂದು ಟೇಪಿನಲ್ಲಿ ಮೂವತ್ತು ದಿನ ಇಟ್ಟಿರುತ್ತಿದ್ದರು, ಆಮೇಲೆ ಅದರ ಮೇಲೆ ಬೇರೆ ಬರೆಯುತ್ತಿದ್ದರು. ಅಷ್ಟರೊಳಗೆ 'ಮತ್ತೆ ಸೇರಿಸು' ಎಂಬ ಕಮಾಂಡ್ ಕೊಟ್ಟರೆ ಹೆಸರು ಹಳೆಯ ಜಾಗಕ್ಕೇ ಹೋಗಿ ಕೂಡುತ್ತಿತ್ತು. ಮಾರನೆಯ ದಿನ ರಾಮಶೇಷ ಬೇಗ ಹೋಗಿ ಯಂತ್ರದ ಮುಂದೆ ಕುಳಿತ. ತನ್ನ ಸಂಖ್ಯೆಯನ್ನು ಹಾಕಿ ಆ ಕಮಾಂಡನ್ನು ಬರೆದ. ಯಂತ್ರ ಕಾರಣ ಕೇಳಿತು. ಕಾರಣದ ಜಾಗ ತುಂಬದೆ ಅದು ಮುಂದೆ ಹೋಗುವುದಿಲ್ಲ. ಕಾರ್ಡು ತಡವಾಗಿ ಬಂತು ಎಂದು ಬರೆಯಬಹುದಿತ್ತು. ಅದು ಸುಳ್ಳು. ಒಂದು ಸುಳ್ಳು ಹಿಂದಿನ ಸಂಜೆಯೇ ಆಗಿತ್ತು. ನಿಜ ಬರೆಯಬೇಕೆಂದರೆ 'ನೌಕರ ನೋಡದೆ ತೆಗೆದ' ಎಂದು ಬರೆಯಬೇಕು. ಅದನ್ನು ಬರೆಯಲು ಕೈ ಹಾಕಿದ, ಅರ್ಧಕ್ಕೆ ನಿಲ್ಲಿಸಿದ. ಮೂರನೆಯ ಕೀಲಿ ಒತ್ತಿ ಹೊರಗೆ ಬಂದು ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋದ.

ಆಕೆ ಎಲ್ಲವನ್ನೂ ಕೇಳಿದರು. ಕಾರ್ಡು ಹೊಲಿಗೆ ಯಂತ್ರದ ಕೆಳಗಿದೆ ಎಂದಾಗ ನಗು ತಡೆಯಲಾರದೆ ನೀರು ಕುಡಿದರು. ಒಳ್ಳೆಯ ಹೆಂಗಸು.

"ನಿಮ್ಮದೊಂದು ಹೆಸರು ತಾನೇ ರಾಮಶೇಷ? ಹಾಕ್ಕೊಂಡುಬಿಡಿ. ನಾನು ಸಹಿ ಮಾಡ್ತೀನಿ."

"ಕಾರಣ ಏನಂತ ಬರೀಲಿ ಮೇಡಂ?" ಎಂದ ರಾಮಶೇಷ. "ನೋಡದೆ ತೆಗೆದೆ ಅಂತ ಬರೆದ್ರೆ ಅದನ್ನ ನಾನೂರ ಹನ್ನೆರಡು ಜನಕ್ಕೂ ಬರೀಬೇಕಾಗುತ್ತೆ."

ಆಕೆ ಲೋಟ ಕೆಳಗಿಟ್ಟರು. ಎಲ್ಲರನ್ನೂ ಸುಮ್ಮನೆ ಒಳಗೆ ಹಾಕುವಂತಿಲ್ಲ, ಹಾಗೆ ಹಾಕಿದರೆ ಹಿಂದೆ ಕಾಯುತ್ತಿರುವ ಸಾವಿರಾರು ಜನರಿಗೆ ಅನ್ಯಾಯ. ಒಬ್ಬೊಬ್ಬರನ್ನಾಗಿ ನೋಡಬೇಕು, ಕಾರಣ ಇದ್ದವರನ್ನು ಸೇರಿಸಬೇಕು, ಇಲ್ಲದವರನ್ನು ಬಿಡಬೇಕು. ದಿನದ ಕೆಲಸ ನಿಲ್ಲಿಸಲು ಆಗುವುದಿಲ್ಲ, ಸಂಜೆ ಐದರ ಮೇಲೆ ಕುಳಿತು ಮಾಡುವುದಾದರೆ ಮಾಡಿ ಎಂದರು. ಟೇಪಿನ ಮೂವತ್ತು ದಿನದಲ್ಲಿ ಇಪ್ಪತ್ತಮೂರು ಉಳಿದಿದ್ದವು.

ರಾಮಶೇಷ ಐದನೆಯ ಕೀಲಿಯ ಬಾಲ ಕತ್ತರಿಸಿದ. 'ತೆಗೆ' ಇದ್ದ ಜಾಗಕ್ಕೆ 'ಮತ್ತೆ ಸೇರಿಸು' ಎಂದು ಕಟ್ಟಿ, 'ಕೇಳಬೇಡ' ಎಂಬುದನ್ನು ಅಳಿಸಿಹಾಕಿದ. ಕೀಲಿಯನ್ನು ದ್ವೇಷಿಸಲಿಲ್ಲ ನೋಡು. ಕೆಲವರು ಒಂದು ಸಲ ಕೈ ಸುಟ್ಟುಕೊಂಡರೆ ಒಲೆಯನ್ನೇ ಬೈಯುತ್ತಾರೆ, ಅಂಥವರ ಮನೆಯಲ್ಲಿ ಊಟ ಮಾಡುವುದು ಕಷ್ಟ. ಅವನು ಏಳನೆಯದು, ಎಂಟನೆಯದು, ಹತ್ತನೆಯದು ಎಲ್ಲವನ್ನೂ ಮೊದಲಿನ ಹಾಗೆಯೇ ಬಳಸಿದ. ಪರದೆಯ ಮೇಲೆ ಒಂದು ಹೆಸರು ಬಂದಾಗ ಮಾತ್ರ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊನೆಯ ಸಾಲಿನವರೆಗೆ ಓದಿದ.

ಮೊದಲನೆಯ ಸಂಜೆ ಖಾಜಾ ಮೈನುದ್ದೀನ್ ಎಂಬ ಗಡಿಯಾರ ರಿಪೇರಿಯವರ ಹೆಸರು ಪರದೆಗೆ ಬಂತು. ವಿಳಾಸ ಸಿಗಲಿಲ್ಲವೆಂದು ಅಂಚೆಯವರು ಕಾರ್ಡನ್ನು ಹಿಂದಕ್ಕೆ ಕಳಿಸಿದ್ದರು. ಮುಂದಿನ ಹೆಸರಿಗೂ ಅದೇ ಕತೆ, ಅದರ ಮುಂದಿನದಕ್ಕೂ ಅದೇ. ಆ ಬೀದಿಯ ಮನೆಗಳಿಗೆಲ್ಲ ನಗರಸಭೆ ಆ ವರ್ಷ ಹೊಸ ನಂಬರು ಬರೆಸಿತ್ತು. ಬೀದಿಗೆ ಬೀದಿಯೇ ಪಟ್ಟಿಯಿಂದ ಹೊರಗೆ ಹೋಗಿತ್ತು. ಭಾನುವಾರ ಅವನು ಸೈಕಲ್ಲಿನಲ್ಲಿ ಹೋಗಿ ಹೊಸ ನಂಬರುಗಳನ್ನು ಬರೆದುಕೊಂಡು ಬಂದ. ಮೈನುದ್ದೀನರು ಬಿಡಿ ಭಾಗಗಳನ್ನು ಹರಡಿಕೊಂಡು ಕುಳಿತಿದ್ದರು, ಕಣ್ಣಿನ ಗಾಜು ತೆಗೆಯದೆಯೇ ವಿಷಯ ಕೇಳಿ ಚಹಾ ತರಿಸಿದರು.

ಮೂರನೆಯ ಸಂಜೆ ತಿಪ್ಪೇಸ್ವಾಮಿ ಎಂಬ ಹೆಸರು. ಕೊನೆಯ ಸಾಲಿನಲ್ಲಿ ಕಾಗದ ಬಂದಿದೆ, ಕಡತ ನೋಡಿ ಎಂದಿತ್ತು. ಕಡತ ತೆಗೆಸಿದ. ತಿಪ್ಪೇಸ್ವಾಮಿಯವರ ಹೆಂಡತಿ ಭಾಗೀರಥಮ್ಮ ಬರೆದಿದ್ದರು. ಯಜಮಾನರು ಶ್ರಾವಣದಲ್ಲಿ ತೀರಿಕೊಂಡರು, ಕಾರ್ಡಿನಲ್ಲಿ ಅವರ ಹೆಸರಿದ್ದುದರಿಂದ ನಾನು ಸಹಿ ಹಾಕಬಹುದೋ ಇಲ್ಲವೋ ತಿಳಿಯದು, ಅದಕ್ಕೇ ಕಾಗದ ಬರೆದಿದ್ದೇನೆ, ಫೋನು ಈಗ ಮೊದಲಿಗಿಂತ ಹೆಚ್ಚು ಬೇಕು, ಮನೆಯಲ್ಲಿ ನಾನೊಬ್ಬಳೇ. ರಾಮಶೇಷ ಆ ಕಾಗದವನ್ನು ಮೇಲಧಿಕಾರಿಗೆ ಓದಿ ಹೇಳಿದ. ಹೆಸರು ಭಾಗೀರಥಮ್ಮನವರದಾಗಿ ಹಳೆಯ ಜಾಗಕ್ಕೇ ಸೇರಿತು. ಆ ಶನಿವಾರ ಅದನ್ನೂ ತಾನು ಕ್ರಿಕೆಟ್ಟು ಮಾತಾಡುತ್ತ ತೆಗೆದೆನೆಂದು ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಎಲ್ಲರೂ ಹೀಗೇ ಇದ್ದರೆಂದು ತಿಳಿಯಬೇಡ. ಬೇಡವಾದವರೂ ಇದ್ದರು. ಊರು ಬಿಟ್ಟು ವರ್ಷಗಳಾದವರಿದ್ದರು. ಬೇರೆ ಹೆಸರಿನಲ್ಲಿ ಆಗಲೇ ಫೋನು ಪಡೆದು ಸುಮ್ಮನಿದ್ದ ಜಾಣರೊಬ್ಬರಿದ್ದರು. ಅವರನ್ನೆಲ್ಲ ಅವನು ಹೊರಗೇ ಬಿಟ್ಟ. ಆದರೆ ಈ ಸಲ ಹೆಸರು ಓದಿ ಬಿಟ್ಟ.

ನಿನಗೊಂದು ವಿಚಿತ್ರ ಹೇಳುತ್ತೇನೆ. ಅವನಿಗೆ ಆ ಕೆಲಸ ಹಿಡಿಸತೊಡಗಿತು. ಹನ್ನೆರಡು ವರ್ಷ ಆ ಪಟ್ಟಿಯ ಮುಂದೆ ಕುಳಿತಿದ್ದವನಿಗೆ ಊರಿನಲ್ಲಿ ಅಷ್ಟು ಜನ ಇದ್ದಾರೆಂದು ತಿಳಿದಿರಲಿಲ್ಲ. ರೋಸಲಿನ್ ಎಂಬ ನರ್ಸು ಯಾವ ಪಾಳಿಯಲ್ಲಿ ಸಿಗುತ್ತಾರೆ, ಬೆಂಚಿನ ಮರ ಕೊಯ್ಯುವ ಪುಟ್ಟಾಚಾರಿಯವರ ಮನೆಗೆ ಯಾವ ಸಂದಿಯಲ್ಲಿ ತಿರುಗಬೇಕು ಎಂಬುದೆಲ್ಲ ಗೊತ್ತಾಯಿತು. ದಾರಿಯಲ್ಲಿ ಜನ ಅವನಿಗೆ ಕೈ ಎತ್ತತೊಡಗಿದರು. ಸಂಜೆಯ ದಣಿವಿನಲ್ಲೂ ಶಿಳ್ಳೆ ಹಾಕಿಕೊಂಡು ಮನೆಗೆ ಬರುತ್ತಿದ್ದ. ಹೆಂಡತಿ ಇದೇನು ಹೊಸ ಚಾಳಿ ಎಂದು ಅನುಮಾನಪಟ್ಟಳು.

ಹದಿನಾಲ್ಕನೆಯ ಸಂಜೆ ಅವನು ಆಕೆಗೆ ನಿಜ ಹೇಳಿದ. ಹೊಲಿಗೆ ಯಂತ್ರವನ್ನು ಓರೆ ಮಾಡಿ ಕಾರ್ಡನ್ನು ಎಳೆದು ಮೇಜಿನ ಮೇಲಿಟ್ಟ. ಎಣ್ಣೆ ಹಿಡಿದಿತ್ತು, ಆದರೂ ಅಕ್ಷರ ಕಾಣುತ್ತಿತ್ತು. ಆಕೆ ಅದರ ಮಡಿಕೆಗಳನ್ನು ಬಿಡಿಸಿದಳು.

"ಇದನ್ನ ನಾನೇ ನಿಮ್ಮ ಕೈಗೆ ಕೊಟ್ಟಿದ್ದೆನಲ್ಲ. ಪೆನ್ನೂ ಕೊಟ್ಟಿದ್ದೆ."

ಅಷ್ಟು ಹೇಳಿ ಒಳಗೆ ಹೋದಳು. ಐದು ದಿನ ಅವನೊಡನೆ ಮಾತಾಡಲಿಲ್ಲ.

ಆ ಐದು ದಿನಗಳ ನಡುವೆಯೇ, ಒಂದು ಸಂಜೆ, ಇನ್ನೂರ ಎಂಬತ್ತೇಳನೆಯ ಸರದಿ ಬಂತು. ಐದು ಒತ್ತಿದ. ಪರದೆಯ ಮೇಲೆ ಅವನ ಹೆಸರು, ಅವನ ಬೀದಿ, ಎಂಟು ವರ್ಷ ಹಿಂದಿನ ತಾರೀಕು. ಬೇರೆಯವರ ಹೆಸರಿನಂತೆ ಅದನ್ನೂ ಕೊನೆಯ ಸಾಲಿನವರೆಗೆ ಓದಿದ. ಕಾರ್ಡು ತಲುಪಿದೆ, ಹಿಂದಿರುಗಿಲ್ಲ. ವಿಳಾಸ ಸರಿಯಿದೆ. ಕಾಗದ ಬಂದಿಲ್ಲ. ಕೆಳಗೆ ಯಂತ್ರ ಕಾರಣ ಕೇಳುತ್ತ ಕಾಯುತ್ತಿತ್ತು. ಮೇಲಧಿಕಾರಿ ಅಂದು ಇನ್ನೂ ಮನೆಗೆ ಹೋಗಿರಲಿಲ್ಲ. ಅವನ ಹಿಂದೆ ಬಂದು ನಿಂತು, ಅಂಚೆಯಲ್ಲಿ ತಡವಾಯಿತು ಎಂದು ಬರೆಯಿರಿ, ಅಷ್ಟಕ್ಕೆ ಪ್ರಪಂಚ ಮುಳುಗುವುದಿಲ್ಲ ಎಂದರು. ಎಂಟು ವರ್ಷ, ಇನ್ನೂರ ಆರು, ಜಬಲ್ಪುರ. ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ಯೋಚಿಸು. ಕಾರಣದ ಜಾಗಕ್ಕೆ ಬೆರಳು ಹೋಯಿತು. ಅವನಿಗಿಂತ ಮುಂಚಿನ ಇನ್ನೂರ ಎಂಬತ್ತಾರು ಜನರಲ್ಲಿ, ಕಾರ್ಡು ಕೈಗೆ ಬಂದೂ ಹಾಕದೆ ಬಿಟ್ಟವರಿಗೆ ಅವನು ಏನು ಮಾಡಿದ್ದನೋ ಅದನ್ನೇ ಮಾಡಿದ. ಕಾರಣದ ಜಾಗವನ್ನು ಖಾಲಿ ಬಿಟ್ಟು, ಮೂರನೆಯ ಕೀಲಿ ಒತ್ತಿ ಹೊರಗೆ ಬಂದು ಮುಂದಿನ ಹೆಸರಿಗೆ ಹೋದ.

ಆರನೆಯ ದಿನ ಹೆಂಡತಿ ಬಡಿಸುತ್ತ, ಇನ್ನೂ ಎಷ್ಟು ಜನರನ್ನು ನೋಡುವುದು ಉಳಿದಿದೆ ಎಂದು ಕೇಳಿದಳು. ಅರವತ್ತು ಚಿಲ್ಲರೆ ಎಂದ. ಟೇಪು ಯಾವತ್ತು ಹೋಗುತ್ತದೆ ಎಂದು ಕೇಳಿದಳು. ಇನ್ನು ನಾಲ್ಕು ದಿನ ಎಂದ. ಮಾರನೆಯ ಬೆಳಗ್ಗೆ ಆಕೆ ಎರಡು ಡಬ್ಬಿ ಕಟ್ಟಿಕೊಟ್ಟಳು, ಒಂದು ಮಧ್ಯಾಹ್ನಕ್ಕೆ, ಒಂದು ಸಂಜೆಗೆ. ಮನೆಗೆ ಬಂದು ಉಣ್ಣುವ ಹೊತ್ತಿನಲ್ಲಿ ಇನ್ನೈದು ಹೆಸರು ನೋಡಬಹುದೆಂದು ಆಕೆಯ ಲೆಕ್ಕ. ರಾಮಶೇಷ ಸಂಜೆ ಆ ಡಬ್ಬಿ ಬಿಚ್ಚಿ ಚಪಾತಿ ಪಲ್ಯ ತಿಂದ. ಅಷ್ಟು ರುಚಿಯಾದ ಊಟ ಮಾಡಿ ತಿಂಗಳಾಗಿತ್ತು ಎಂದು ಆಮೇಲೆ ಬಹಳ ಸಲ ಹೇಳುತ್ತಿದ್ದ.

ಮೂವತ್ತನೆಯ ದಿನ ಟೇಪಿನ ಮೇಲೆ ಬೇರೆ ಬರೆದರು. ಮರುದಿನ ಬೆಳಗ್ಗೆ ರಾಮಶೇಷ ತನ್ನದೇ ಕಚೇರಿಯ ಹೊರಗಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಹೊಸ ಅರ್ಜಿ ಕೊಟ್ಟ. ಒಳಗಿದ್ದ ಗೆಳೆಯ ಅವನನ್ನು ನೋಡಿ, ಒಳಗೆ ಬಾರೋ ಎಂದ. ಬೇಡ, ಇಲ್ಲಿ ಗಾಳಿ ಚೆನ್ನಾಗಿದೆ ಎಂದ ರಾಮಶೇಷ. ಅರ್ಜಿಗೆ ಸಿಕ್ಕಿದ ಚೀಟಿಯಲ್ಲಿ ಹನ್ನೊಂದು ಸಾವಿರದ ಮೇಲಿನ ಒಂದು ಸಂಖ್ಯೆಯಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಯಂತ್ರದ ಮುಂದೆ ಕುಳಿತ. ಅಲ್ಲಿಂದ ಮುಂದೆ ಅವನಷ್ಟು ವೇಗವಾಗಿ ಕೀಲಿಗಳನ್ನು ಬಳಸಿದವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ. 'ಹೌದು' ಎಂಬ ಒಂದು ಪದವನ್ನು ಮಾತ್ರ ಅವನು ಪ್ರತಿ ಸಲವೂ ಕೈಯಾರೆ ಹೊಡೆಯುತ್ತಿದ್ದ.

ಗುರುಗಳು ನಿಲ್ಲಿಸಿದರು. ಮಂದಾಕಿನಿಯ ಅಂಗೈಯಲ್ಲಿ ಹುರಿಗಡಲೆ ಹಾಗೆಯೇ ಇತ್ತು. ಅವಳು ತನ್ನ ಚೀಟಿಯನ್ನೊಮ್ಮೆ ನೋಡಿದಳು. ತಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅವಳಿಗೆ ತೃಪ್ತಿಯಾಗಿತ್ತು. ಆದರೂ ಮನಸ್ಸಿನಲ್ಲಿ ಒಂದು ಕುತೂಹಲ ಉಳಿದಿತ್ತು.

"ಕೊನೆಗೆ ಅವರ ಮನೆಗೆ ಫೋನು ಬಂತೇ ಗುರುಗಳೇ?"

"ನಾನೂರ ಹನ್ನೆರಡು ಜನರಲ್ಲಿ ಒಬ್ಬರ ವಿಷಯವನ್ನು ಮಾತ್ರ ಕೇಳಿದೆಯಲ್ಲಮ್ಮ," ಎಂದರು ಗುರುಗಳು.